ನಾಯಕ ಗೋಲ್‌ಕೀಪರ್ ಯಾಕೆ ಕೋಚ್ ಆಗಲಿಲ್ಲ?

ಪ್ರಶ್ನೆ: ಸರ್, 1994ರ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ಸೆಮಿಫೈನಲ್ ತನಕ ಹೋಗಿತ್ತು. ಆ ತಂಡದಲ್ಲಿದ್ದ ಸ್ಟೊಯಿಚ್ಕೊವ್, ಬಲಕೊವ್, ಹುಬ್ಚೆವ್ ಮೂವರೂ ಮುಂದೆ ರಾಷ್ಟ್ರೀಯ ತಂಡದ ಕೋಚ್ ಆದರು. ನಾಯಕನಾಗಿದ್ದ ಗೋಲ್‌ಕೀಪರ್ ಮಿಹೈಲೊವ್ ಮಾತ್ರ ಆಗಲಿಲ್ಲ. ಗೋಲ್‌ಕೀಪರ್‌ಗಳಿಗೆ ಕೋಚಿಂಗ್ ಒಗ್ಗುವುದಿಲ್ಲವೇ? ನನ್ನ ತಮ್ಮನಿಗೆ ಈಗ ಹತ್ತೊಂಬತ್ತು. ಜಿಲ್ಲಾ ಲೀಗ್‌ನಲ್ಲಿ ಗೋಲ್‌ಕೀಪರ್. ಮುಂದೆ ಕೋಚ್ ಆಗ್ತೀನಿ ಅಂತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಒಗ್ಗುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಇಟಲಿಯ ಡೀನೊ ಜೋಫ್ ಗೋಲ್‌ಕೀಪರ್. ಅವರು ಕೋಚ್ ಆಗಿ 1990ರಲ್ಲಿ ಯುವೆಂಟಸ್‌ಗೆ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಗೆಲ್ಲಿಸಿಕೊಟ್ಟರು, 2000ದ ಯೂರೊ ಕಪ್‌ನಲ್ಲಿ ಇಟಲಿಯನ್ನು ಫೈನಲ್‌ಗೆ ಕರೆದೊಯ್ದರು. 1993ರಲ್ಲಿ ಫ್ರಾನ್ಸ್‌ನ ಮಾರ್ಸೆ ಚಾಂಪಿಯನ್ಸ್ ಲೀಗ್ ಗೆದ್ದಾಗ ಕೋಚ್ ಆಗಿ ಬೆಂಚಿನಲ್ಲಿ ಕೂತಿದ್ದ ಬೆಲ್ಜಿಯಂನ ರೇಮೊಂ ಗೂತಾಲ್ಸ್ ಕೂಡ ಹಳೇ ಗೋಲ್‌ಕೀಪರೇ. ಆದರೆ ನಿಮ್ಮ ಅನುಮಾನದಲ್ಲಿ ಸತ್ಯ ಇಲ್ಲದೇ ಇಲ್ಲ. ಗೋಲ್‌ಕೀಪರ್ ಆಗಿದ್ದವರು ಮುಖ್ಯ ಕೋಚ್ ಆಗುವುದು ಕಡಿಮೆ. ಅದಕ್ಕೆ ಕಾರಣ ಅವರ ಬುದ್ಧಿಯಲ್ಲಿಲ್ಲ, ಅವರು ಇಪ್ಪತ್ತು ವರ್ಷ ಅಭ್ಯಾಸ ಮಾಡಿದ ಜಾಗದಲ್ಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಮಿಹೈಲೊವ್.

ಬೊರಿಸ್ಲಾವ್ ಮಿಹೈಲೊವ್ ಹುಟ್ಟಿದ್ದು 1963ರಲ್ಲಿ, ಸೋಫಿಯಾದಲ್ಲಿ. ಅಪ್ಪ ಬಿಸೆರ್ ಮಿಹೈಲೊವ್ ಲೆವ್ಸ್ಕಿ ಕ್ಲಬ್‌ನ ಗೋಲ್‌ಕೀಪರ್. ಮಗನೂ ಅದೇ ಕ್ಲಬ್‌ನ ಗೋಲಿನಲ್ಲಿ ನಿಂತ. ಮೊಮ್ಮಗ ನಿಕೊಲಾಯ್ ಕೂಡ ಮುಂದೆ ಅಲ್ಲೇ ಗ್ಲೌಸ್ ಹಾಕಿದ. ಮೂರು ತಲೆಮಾರು ಒಂದೇ ಕ್ಲಬ್, ಒಂದೇ ಸ್ಥಾನ. ಇಂಥ ಮನೆಯಲ್ಲಿ ಗೋಲ್‌ಕೀಪಿಂಗ್ ಬಗ್ಗೆ ತಿಳಿಯದ ವಿಷಯ ಇರುವುದಿಲ್ಲ. ಉಳಿದ ಹತ್ತು ಜನರ ಅಭ್ಯಾಸದ ಬಗ್ಗೆ ಅಷ್ಟೇ ತಿಳಿದಿತ್ತು ಅಂತ ಹೇಳಲಾಗದು.

1985ರ ಜೂನ್ 19ರಂದು ಬಲ್ಗೇರಿಯಾ ಕಪ್ ಫೈನಲ್. ಲೆವ್ಸ್ಕಿ ವಿರುದ್ಧ ಸಿಎಸ್‌ಕೆಎ, ಸೋಫಿಯಾದ ಎರಡು ಬದ್ಧವೈರಿಗಳು. ಪಂದ್ಯ ಹೊಡೆದಾಟವಾಯಿತು. ಆಡಳಿತದಲ್ಲಿದ್ದ ಕಮ್ಯುನಿಸ್ಟ್ ಪಕ್ಷ ಎರಡೂ ಕ್ಲಬ್‌ಗಳನ್ನೇ ವಿಸರ್ಜಿಸಿ, ಲೆವ್ಸ್ಕಿಗೆ ವಿಟೊಷಾ, ಸಿಎಸ್‌ಕೆಎಗೆ ಸ್ರೆಡೆಟ್ಸ್ ಅಂತ ಹೊಸ ಹೆಸರಿಟ್ಟಿತು. ಹಲವು ಆಟಗಾರರಿಗೆ ಆಜೀವ ನಿಷೇಧ. ಆ ಪಟ್ಟಿಯಲ್ಲಿ ಇಪ್ಪತ್ತೆರಡು ವರ್ಷದ ಮಿಹೈಲೊವ್ ಇದ್ದರು, ಎದುರು ತಂಡದ ಹತ್ತೊಂಬತ್ತು ವರ್ಷದ ಹ್ರಿಸ್ಟೊ ಸ್ಟೊಯಿಚ್ಕೊವ್ ಕೂಡ ಇದ್ದರು. ನಿಷೇಧ ಹೆಚ್ಚು ದಿನ ನಿಲ್ಲಲಿಲ್ಲ. ಮರುವರ್ಷದ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಮಿಹೈಲೊವ್ ಗೋಲಿನಲ್ಲಿದ್ದರು. ಆ ಕೂಟದ ಅತಿ ಸುಂದರ ಗೋಲುಗಳಲ್ಲಿ ಒಂದು ಅಂತ ಇಂದಿಗೂ ತೋರಿಸುವ ಮಾನ್ವೆಲ್ ನೆಗ್ರೆತೆಯ ಕತ್ತರಿ ಒದೆತ, ಅದು ನುಗ್ಗಿದ್ದು ಇವರ ಗೋಲಿಗೇ. ಗೋಲ್‌ಕೀಪರ್‌ಗಳ ಪಾಡೇ ಇಷ್ಟು. ಇನ್ನೊಬ್ಬನ ಕೀರ್ತಿಯ ವಿಡಿಯೊದಲ್ಲಿ ಬೀಳುತ್ತಿರುವ ಮನುಷ್ಯನಾಗಿ ಉಳಿಯಬೇಕು.

ಎಂಟು ವರ್ಷಗಳ ನಂತರ ಅದೇ ಮೆಕ್ಸಿಕೊ ಮತ್ತೆ ಎದುರಾಯಿತು. ಆದರೆ ಅಮೆರಿಕದ ವಿಶ್ವಕಪ್‌ಗೆ ಬಲ್ಗೇರಿಯಾ ತಲುಪಿದ್ದರಲ್ಲೂ ಮಿಹೈಲೊವ್ ಪಾತ್ರ ಮೈದಾನದ ಹೊರಗೇ ಶುರುವಾಗಿತ್ತು. 1993ರ ನವೆಂಬರ್. ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೆಲ್ಲಲೇಬೇಕಾದ ಪಂದ್ಯ. ತಂಡ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಬೀಡುಬಿಟ್ಟಿತ್ತು. ಎಮಿಲ್ ಕೊಸ್ತಾದಿನೊವ್ ಮತ್ತು ಲ್ಯುಬೊಸ್ಲಾವ್ ಪೆನೆವ್‌ಗೆ ಫ್ರಾನ್ಸ್‌ನ ವೀಸಾ ಇರಲಿಲ್ಲ. ಮಿಹೈಲೊವ್ ಮತ್ತು ಗೆಯೋರ್ಗಿ ಗೆಯೋರ್ಗಿಯೆವ್ ಆಗ ಗಡಿಯಾಚೆ ಹತ್ತಿರದಲ್ಲೇ ಇದ್ದ ಫ್ರಾನ್ಸ್‌ನ ಮ್ಯುಲೂಸ್ ಕ್ಲಬ್‌ನಲ್ಲಿ ಆಡುತ್ತಿದ್ದರು. ಯಾವ ಗಡಿಠಾಣೆಯಲ್ಲಿ ತಪಾಸಣೆ ಸಡಿಲ ಅಂತ ಇಬ್ಬರಿಗೂ ಗೊತ್ತು. ಕಾರಿನಲ್ಲಿ ಕೂರಿಸಿಕೊಂಡು ದಾಟಿಸಿಬಿಟ್ಟರು ಅಂತ ಆ ತಂಡದವರೇ ಹೇಳಿಕೊಂಡಿರುವ ಕಥೆ. ಆ ಕೊಸ್ತಾದಿನೊವ್ ಎರಡು ಗೋಲು ಹೊಡೆದ, ಎರಡನೆಯದು ತೊಂಬತ್ತನೇ ನಿಮಿಷದಲ್ಲಿ. 2-1. ಫ್ರಾನ್ಸ್ ಮನೆಗೆ, ಬಲ್ಗೇರಿಯಾ ಅಮೆರಿಕಕ್ಕೆ. ಅದನ್ನು ತರಬೇತಿ ಅಂತ ಯಾರೂ ಕರೆಯುವುದಿಲ್ಲ. ಆದರೂ ಕೆಲಸ ಹೇಗೆ ಆಗುತ್ತದೆ, ಯಾರ ಪರಿಚಯ ಎಲ್ಲಿ ನಡೆಯುತ್ತದೆ ಅನ್ನುವ ಚುರುಕು ಅದರಲ್ಲಿ ಕಾಣುತ್ತದೆ. ಮಿಹೈಲೊವ್ ಮುಂದೆ ಹಿಡಿದ ದಾರಿಗೆ ಬೇಕಾದದ್ದು ಅದೇ.

1994ರ ಜುಲೈ 5, ನ್ಯೂಯಾರ್ಕ್ ಪಕ್ಕದ ಜೈಂಟ್ಸ್ ಸ್ಟೇಡಿಯಂ. ಮೆಕ್ಸಿಕೊ ಜತೆ 1-1. ಪಂದ್ಯದ ನಡುವೆ ಮೆಕ್ಸಿಕೊದ ಆಟಗಾರ ಮಾರ್ಸೆಲಿನೊ ಬೆರ್ನಾಲ್ ಚೆಂಡು ತಡೆದು ಹಿಂದಕ್ಕೆ ಬಿದ್ದ ರಭಸಕ್ಕೆ ಗೋಲುಕಂಬದ ಆಧಾರವೇ ಮುರಿದು ಬಲೆ ಕುಸಿಯಿತು. ಬೇರೆ ಗೋಲುಕಂಬ ಹೊತ್ತು ತಂದು ನಿಲ್ಲಿಸಿದರು. ಕಡೆಗೆ ಪೆನಾಲ್ಟಿ ಶೂಟೌಟ್. ನಿಗದಿತ ಸಮಯದಲ್ಲಿ ಇದೇ ಮಿಹೈಲೊವ್‌ಗೆ ಪೆನಾಲ್ಟಿಯಲ್ಲಿ ಗೋಲು ಹೊಡೆದಿದ್ದ ಗಾರ್ಸಿಯಾ ಆಸ್ಪೆ ಮೊದಲ ಒದೆತವನ್ನು ಕ್ರಾಸ್‌ಬಾರ್ ಮೇಲೆ ಕಳಿಸಿದ. ಬಲಕೊವ್‌ನ ಒದೆತವನ್ನು ಕಾಂಪೊಸ್ ತಡೆದ. ಆಮೇಲೆ ಅದೇ ಬೆರ್ನಾಲ್ ಬಂದ. ಮಿಹೈಲೊವ್ ತಡೆದರು. ರೊಡ್ರಿಗೆಸ್ ಬಂದ. ಅವನದನ್ನೂ ತಡೆದರು. ಶೂಟೌಟ್ 3-1. ಈ ವಿಡಿಯೊ ಸಿಕ್ಕರೆ ತಮ್ಮನಿಗೆ ತೋರಿಸಿ. ಮಿಹೈಲೊವ್ ಎಷ್ಟು ಬೇಗ ಹಾರುತ್ತಾರೆ ಅಂತ ಅಲ್ಲ, ಎಷ್ಟು ಹೊತ್ತು ಹಾರದೆ ಕಾಯುತ್ತಾರೆ ಅಂತ ನೋಡಲಿ.

ಐದು ದಿನದ ಬಳಿಕ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಯನ್ನು 2-1ರಿಂದ ಮಣಿಸಿದ್ದು ಎಲ್ಲರಿಗೂ ನೆನಪಿದೆ. ಸೆಮಿಫೈನಲ್‌ನಲ್ಲಿ ಇಟಲಿಯ ರೊಬೆರ್ಟೊ ಬಾಜ್ಜೊ ಎರಡು ಗೋಲು ಹೊಡೆದು ಕಥೆ ಮುಗಿಸಿದ. ಮೂರನೇ ಸ್ಥಾನದ ಪಂದ್ಯದಲ್ಲಿ ಸ್ವೀಡನ್ ಮೊದಲರ್ಧದಲ್ಲೇ ನಾಲ್ಕು ಹಾಕಿತು. ವಿರಾಮದ ನಂತರ ಮಿಹೈಲೊವ್ ಬದಲು ಪ್ಲಾಮೆನ್ ನಿಕೊಲೊವ್ ಬಂದರು. ಮುಂದೆ ಇಂಗ್ಲೆಂಡಿನ ರೆಡಿಂಗ್, ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಸುತ್ತಿ, ಒಟ್ಟು 102 ಅಂತರರಾಷ್ಟ್ರೀಯ ಪಂದ್ಯಗಳೊಂದಿಗೆ ಮಿಹೈಲೊವ್ ಗ್ಲೌಸ್ ಕಳಚಿದರು.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರೋಣ. 102 ಪಂದ್ಯ ಆಡಿ, ನಾಯಕನಾಗಿ, ಹಿಂದಿನಿಂದ ಇಡೀ ಮೈದಾನ ನೋಡಿದವನಿಗಿಂತ ಒಳ್ಳೆಯ ಕೋಚ್ ಬೇಕೇ ಅಂತ ಕೇಳುತ್ತಾರೆ. ಗೋಲ್‌ಕೀಪರ್‌ಗೆ ಎಲ್ಲ ಕಾಣುತ್ತದೆ ಅನ್ನುವುದು ನಿಜ, ಆದರೆ ಭಾನುವಾರದ ಮಟ್ಟಿಗೆ. ಸೋಮವಾರದಿಂದ ಶನಿವಾರದವರೆಗೆ ಅವನಿಗೆ ಕಾಣುವುದು ಬಹಳ ಕಡಿಮೆ.

ಒಂದು ಅಭ್ಯಾಸದ ಬೆಳಗ್ಗೆಯನ್ನು ನೋಡಿ. ತಂಡ ಮೈದಾನಕ್ಕೆ ಇಳಿಯುತ್ತದೆ. ಮೂವರು ನಾಲ್ವರು ಗೋಲ್‌ಕೀಪರ್‌ಗಳು ತಮ್ಮ ಕೋಚ್ ಜತೆ ಪಕ್ಕದ ಗೋಲಿನ ಕಡೆ ಹೋಗುತ್ತಾರೆ. ಅರ್ಧ, ಮುಕ್ಕಾಲು ಗಂಟೆ ಅಲ್ಲೇ. ಚೆಂಡು ಹಿಡಿಯುವುದು, ಬೀಳುವುದು, ಏಳುವುದು, ತಕ್ಷಣ ಇನ್ನೊಂದು ಬದಿಗೆ ಎರಡನೇ ಚೆಂಡು. ಒಬ್ಬ ಗೋಲಿನಲ್ಲಿ, ಒಬ್ಬ ಚೆಂಡು ಎಸೆಯಲು, ಮೂರನೆಯವನು ಉಸಿರು ಬಿಡಲು. ಅತ್ತ ಕಡೆ ಮುಖ್ಯ ಕೋಚ್ ಹತ್ತು ಜನರನ್ನು ನಿಲ್ಲಿಸಿ, ಎದುರಾಳಿಯ ಸೆಂಟರ್‌ಬ್ಯಾಕ್ ಯಾವ ಕಾಲಿಗೆ ಚೆಂಡು ತೆಗೆದುಕೊಂಡಾಗ ನಮ್ಮ ಸ್ಟ್ರೈಕರ್ ಓಡಬೇಕು, ಅವನ ಹಿಂದೆ ಮಿಡ್‌ಫೀಲ್ಡರ್ ಎಷ್ಟು ಹೆಜ್ಜೆ ಮುಂದೆ ಬರಬೇಕು ಅಂತ ಒಂದೊಂದೇ ಹೆಜ್ಜೆ ಹೇಳಿಕೊಡುತ್ತಿರುತ್ತಾನೆ. ತಪ್ಪಾದರೆ ಸೀಟಿ ಊದಿ ನಿಲ್ಲಿಸುತ್ತಾನೆ, ಮತ್ತೆ ಮೊದಲಿಂದ. ಆ ಪಾಠ ನಡೆಯುವಾಗ ಗೋಲ್‌ಕೀಪರ್ ಅಲ್ಲಿ ಇರುವುದೇ ಇಲ್ಲ. ಶೂಟಿಂಗ್ ಅಭ್ಯಾಸ ಶುರುವಾದಾಗ ಅವನನ್ನು ಕರೆಯುತ್ತಾರೆ, ಅದೂ ಎದುರು ನಿಲ್ಲಲು ಒಬ್ಬ ಬೇಕಲ್ಲ ಅಂತ. ಪಂದ್ಯದ ದಿನ ಡಿಫೆನ್ಸ್ ಎಲ್ಲಿರಬೇಕು ಅಂತ ಅವನು ಕೂಗಿ ಹೇಳಬಲ್ಲ. ಆ ಡಿಫೆನ್ಸ್ ಅಲ್ಲಿಗೆ ಬರುವಂತೆ ಐದು ದಿನ ಹೇಗೆ ತಯಾರು ಮಾಡಿದರು ಅನ್ನುವುದು ಅವನ ಕೈಗೆ ಸಿಕ್ಕಿರುವುದಿಲ್ಲ. ಊಟ ಚೆನ್ನಾಗಿದೆಯೋ ಇಲ್ಲವೋ ಅಂತ ಸರಿಯಾಗಿ ಹೇಳುವವರೆಲ್ಲ ಅಡುಗೆ ಮಾಡಬಲ್ಲರು ಅಂತ ಇಲ್ಲವಲ್ಲ.

ಮಿಹೈಲೊವ್ ಕಾಲದಲ್ಲಿ ಈ ಅಂತರ ಇನ್ನೂ ದೊಡ್ಡದಿತ್ತು. 1992ರಲ್ಲಿ ನಿಯಮ ಬದಲಾಗುವ ತನಕ ಸ್ವಂತ ಆಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಹಾಗಾಗಿ ಕಾಲಿನ ಆಟದಲ್ಲಿ ಅವನನ್ನು ಸೇರಿಸಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಮಿಹೈಲೊವ್‌ಗೆ ಆಗ ಇಪ್ಪತ್ತೊಂಬತ್ತು. ಕಲಿಯುವ ವಯಸ್ಸೆಲ್ಲ ಹಳೇ ನಿಯಮದಲ್ಲೇ ಕಳೆದಿತ್ತು. ಈಗಿನ ಗೋಲ್‌ಕೀಪರ್‌ಗಳು ಪಾಸಿಂಗ್ ಅಭ್ಯಾಸದ ಒಳಗೇ ನಿಲ್ಲುತ್ತಾರೆ. ಮುಂದಿನ ಇಪ್ಪತ್ತು ವರ್ಷದಲ್ಲಿ ಗೋಲ್‌ಕೀಪರ್ ಕೋಚ್‌ಗಳ ಸಂಖ್ಯೆ ಹೆಚ್ಚಿದರೆ ನನಗೆ ಆಶ್ಚರ್ಯವಾಗದು.

ಎರಡನೇ ತೊಡಕು ಇನ್ನೂ ನಾಜೂಕಿನದು. ಆಟ ನಿಲ್ಲಿಸಿದ ಗೋಲ್‌ಕೀಪರ್‌ಗೆ ಕೆಲಸ ಬೇಗ ಸಿಗುತ್ತದೆ. ಪ್ರತಿ ಕ್ಲಬ್‌ಗೂ ಒಬ್ಬ ಗೋಲ್‌ಕೀಪಿಂಗ್ ಕೋಚ್ ಬೇಕು, ಆ ಕೆಲಸ ಸ್ಟ್ರೈಕರ್ ಮಾಡಲಾರ. ಅದು ಪುಣ್ಯ ಅಂತ ಕಾಣುತ್ತದೆ, ನಿಜಕ್ಕೂ ಹೆಚ್ಚಿನವರಿಗೆ ಪುಣ್ಯವೇ. ಜರ್ಮನಿಯ ಸೆಪ್ ಮೈಯರ್ 1988ರಿಂದ 2004ರವರೆಗೆ ರಾಷ್ಟ್ರೀಯ ತಂಡದ ಗೋಲ್‌ಕೀಪರ್‌ಗಳನ್ನು ತಯಾರು ಮಾಡಿದರು. ಅದೇ ಒಂದು ದೊಡ್ಡ ಬಾಳು. ಆದರೆ ಮುಖ್ಯ ಕೋಚ್ ಆಗಬೇಕು ಅನ್ನುವವನಿಗೆ ಆ ಬಾಗಿಲು ಒಳಗಿನಿಂದ ಚಿಲಕ ಬೀಳುವಂಥದ್ದು. ಯುರೋಪಿನಲ್ಲಿ ಲೈಸೆನ್ಸ್‌ಗಳೇ ಬೇರೆ ಬೇರೆ. ಮುಖ್ಯ ಕೋಚ್‌ಗೆ ಸಿ, ಬಿ, ಎ, ಪ್ರೊ ಅಂತ ಏಣಿ. ಗೋಲ್‌ಕೀಪಿಂಗ್ ಕೋಚ್‌ಗೆ ಪ್ರತ್ಯೇಕ ಡಿಪ್ಲೊಮಾ. ಎರಡನೆಯದನ್ನು ಪೂರ್ತಿ ಮಾಡಿದರೂ ಅದೊಂದರ ಬಲದಲ್ಲಿ ಮೇಲಿನ ಲೀಗ್‌ನ ತಂಡದ ಹೊಣೆ ಸಿಗುವುದಿಲ್ಲ. ಹತ್ತು ವರ್ಷ ಗೋಲ್‌ಕೀಪಿಂಗ್ ಕೋಚ್ ಆಗಿದ್ದವನು ನಲವತ್ತೈದಕ್ಕೆ ಮತ್ತೆ ಹುಡುಗರ ತಂಡ ಹಿಡಿದು ಏಣಿಯ ಮೊದಲ ಮೆಟ್ಟಿಲಿಂದ ಹತ್ತಬೇಕು. ಮನೆ, ಮಕ್ಕಳ ಫೀಸು ಎಲ್ಲ ಇರುವಾಗ ಎಷ್ಟು ಜನ ಹತ್ತುತ್ತಾರೆ?

ಸಣ್ಣ ಕ್ಲಬ್‌ಗಳಲ್ಲಿ ಇನ್ನೊಂದು ವಾಡಿಕೆಯಿದೆ. ಋತುವಿನ ನಡುವೆ ಮುಖ್ಯ ಕೋಚನ್ನು ಕಿತ್ತುಹಾಕುತ್ತಾರೆ, ಉಳಿದವರಲ್ಲಿ ಹಿರಿಯ ಯಾರು ಅಂತ ನೋಡಿ ಗೋಲ್‌ಕೀಪಿಂಗ್ ಕೋಚ್‌ಗೆ ಎರಡು ಮೂರು ಪಂದ್ಯ ಒಪ್ಪಿಸುತ್ತಾರೆ. ಅವನ ಹೆಸರಿನ ಮುಂದೆ 'ಕೋಚ್' ಅಂತ ದಾಖಲಾಗುತ್ತದೆ, ಪಕ್ಕದಲ್ಲಿ ಎರಡು ಸೋಲು. ಹೊಸಬ ಬಂದ ಮೇಲೆ ಮತ್ತೆ ಪಕ್ಕದ ಗೋಲಿಗೆ. ಇದನ್ನು ಅವಕಾಶ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಮಿಹೈಲೊವ್ ನಂತರ ಬಂದ ಜ್ಡ್ರಾವ್ಕೊ ಜ್ಡ್ರಾವ್ಕೊವ್ ವಿಷಯ ಹೇಳಿದರೆ ಮೂರನೇ ತೊಡಕು ತಿಳಿಯುತ್ತದೆ. 1998ರ ವಿಶ್ವಕಪ್‌ನ ಮೊದಲ ಪಂದ್ಯ, ಮೊಂಪೆಲಿಯೆಯಲ್ಲಿ ಪರಾಗ್ವೆ ವಿರುದ್ಧ. ಪರಾಗ್ವೆಯ ಗೋಲ್‌ಕೀಪರ್ ಚಿಲಾವೆರ್ಟ್ ತನ್ನ ಗೋಲು ಬಿಟ್ಟು ಬಂದು ಫ್ರೀ ಕಿಕ್ ಹೊಡೆದ. ಚೆಂಡು ಮೂಲೆಗೆ ಹೋಗುತ್ತಿತ್ತು. ಜ್ಡ್ರಾವ್ಕೊವ್ ಬೆರಳ ತುದಿಯಿಂದ ಆಚೆ ತಳ್ಳಿದರು. ವಿಶ್ವಕಪ್‌ನಲ್ಲಿ ಗೋಲ್‌ಕೀಪರ್ ಹೊಡೆದ ಗೋಲು ಅನ್ನುವ ಚರಿತ್ರೆ ಅಲ್ಲಿಗೇ ನಿಂತಿತು. ಪಂದ್ಯ 0-0. ಹನ್ನೆರಡು ದಿನದ ನಂತರ ಸ್ಪೇನ್ ಅದೇ ಜ್ಡ್ರಾವ್ಕೊವ್‌ಗೆ ಆರು ಗೋಲು ಹಾಕಿತು. 2004ರ ಯೂರೊದಲ್ಲಿ ಸ್ವೀಡನ್ ಐದು. ಈಗ ಅವರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಆರು ಮತ್ತು ಐದು, ಆ ಬೆರಳ ತುದಿಯಲ್ಲ. ಕ್ಲಬ್‌ನ ಮಾಲೀಕ ಕೋಚ್ ಹುಡುಕುವಾಗ ಪ್ರೇಕ್ಷಕರಿಗೆ ಹಿಡಿಸುವ ಹೆಸರನ್ನೂ ಹುಡುಕುತ್ತಾನೆ. ಗೋಲು ಹೊಡೆದವನ ಹೆಸರು ಅಲ್ಲಿ ಮುಂದಿರುತ್ತದೆ. ಸ್ಟೊಯಿಚ್ಕೊವ್ 2004ರಲ್ಲಿ ರಾಷ್ಟ್ರೀಯ ಕೋಚ್ ಆದಾಗ ಅವರ ಹಿಂದೆ ದೊಡ್ಡ ಕೋಚಿಂಗ್ ಅನುಭವವೇನೂ ಇರಲಿಲ್ಲ. ಆ ಹೆಸರೇ ಸಾಕಾಯಿತು.

ಹಾಗಾದರೆ ಯಾವ ಗೋಲ್‌ಕೀಪರ್‌ಗಳು ಕೋಚ್ ಆಗಿ ಗೆದ್ದರು? ನನ್ನದೊಂದು ಅಭಿಪ್ರಾಯವಿದೆ, ಒಪ್ಪದವರು ಇದ್ದಾರೆ. ಹೆಚ್ಚು ಆಡಿದವರಿಗಿಂತ ಹೆಚ್ಚು ಕೂತವರು ಒಳ್ಳೆಯ ಕೋಚ್ ಆಗುತ್ತಾರೆ. ಪೋರ್ಚುಗಲ್‌ನ ನುನೊ ಎಸ್ಪಿರಿಟೊ ಸಾಂಟೊ 2004ರಲ್ಲಿ ಮೊರಿನ್ಯೊ ಕೈಕೆಳಗೆ ಪೋರ್ಟೊ ಚಾಂಪಿಯನ್ಸ್ ಲೀಗ್ ಗೆದ್ದಾಗ ಮೀಸಲು ಗೋಲ್‌ಕೀಪರ್. ಸ್ಪೇನ್‌ನ ಹುಲೆನ್ ಲೊಪೆತೆಗಿ ರಿಯಲ್ ಮ್ಯಾಡ್ರಿಡ್, ಬಾರ್ಸೆಲೋನಾ ಎರಡರಲ್ಲೂ ಬೆಂಚು ಕಾಯ್ದವರು. ಬೆಂಚಿನಲ್ಲಿ ಕೂತವನಿಗೆ ಕೋಚ್ ಏನು ಗೊಣಗುತ್ತಾನೆ, ಯಾರನ್ನು ಯಾವಾಗ ಎಬ್ಬಿಸುತ್ತಾನೆ, ವಿರಾಮದಲ್ಲಿ ಯಾವುದನ್ನು ಹೇಳುತ್ತಾನೆ, ಯಾವುದನ್ನು ನುಂಗಿಕೊಳ್ಳುತ್ತಾನೆ ಎಲ್ಲ ಹತ್ತಿರದಿಂದ ಕಾಣುತ್ತದೆ. ಮಿಹೈಲೊವ್‌ಗೆ ಆ ಜಾಗದಲ್ಲಿ ಕೂರುವ ಪ್ರಸಂಗ ಬಂದದ್ದು ಬಹುತೇಕ ಕೊನೆಗೆ, ಅಷ್ಟು ಒಳ್ಳೆಯ ಗೋಲ್‌ಕೀಪರ್ ಅವರು.

ಇದಕ್ಕೆ ಎದುರು ಸಾಕ್ಷಿಯೂ ಇದೆ, ಮುಚ್ಚಿಡುವುದಿಲ್ಲ. 1994ರ ಅದೇ ವಿಶ್ವಕಪ್‌ನಲ್ಲಿ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಪಡೆದ ಬೆಲ್ಜಿಯಂನ ಮಿಷೆಲ್ ಪ್ರುದೊಮ್ ಹೆಚ್ಚಾಗಿ ಬೆಂಚು ಕಾಯ್ದವರಲ್ಲ. 2008ರಲ್ಲಿ ಸ್ಟಾಂಡರ್ಡ್ ಲಿಯೇಜ್‌ಗೆ ಇಪ್ಪತ್ತೈದು ವರ್ಷದ ನಂತರ ಲೀಗ್ ಗೆಲ್ಲಿಸಿದರು, 2016ರಲ್ಲಿ ಕ್ಲಬ್ ಬ್ರುಗ್ಗೆಗೂ ಗೆಲ್ಲಿಸಿದರು. ಆದರೆ ಗಮನಿಸಿ, ಅವರು ಆಟ ಬಿಟ್ಟ ಮೇಲೆ ಗೋಲ್‌ಕೀಪರ್‌ಗಳಿಗೆ ಚೆಂಡು ಎಸೆಯುತ್ತಾ ಕೂರಲಿಲ್ಲ. ಕ್ಲಬ್ ಆಡಳಿತ, ಬಳಿಕ ನೇರ ಮುಖ್ಯ ಕೋಚ್. ಸ್ವಾರಸ್ಯ ಅಂದರೆ, 2010-11ರಲ್ಲಿ ಪ್ರುದೊಮ್ ಹಾಲೆಂಡಿನ ಟ್ವೆಂಟೆಗೆ ಕೋಚ್ ಆಗಿದ್ದಾಗ ಅವರ ಗೋಲಿನಲ್ಲಿ ನಿಂತವನು ನಿಕೊಲಾಯ್ ಮಿಹೈಲೊವ್, ನಮ್ಮ ನಾಯಕನ ಮಗ. ಅಪ್ಪನ ಕಾಲದ ಗೋಲ್‌ಕೀಪರ್ ಹಿಡಿದ ದಾರಿಯನ್ನು ಮಗ ದಿನಾ ನೋಡಿದ.

ಅಪ್ಪ ಹಿಡಿದದ್ದು ಕಚೇರಿಯ ದಾರಿ. 2005ರಲ್ಲಿ ಮಿಹೈಲೊವ್ ಬಲ್ಗೇರಿಯಾ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾದರು. ಕೋಚ್‌ಗಳನ್ನು ನೇಮಿಸುವ, ಕೆಳಗಿಳಿಸುವ ಕುರ್ಚಿ. ಜತೆಗೆ ಆಡಿದ ಹುಬ್ಚೆವ್, ಬಲಕೊವ್ ಕೋಚ್ ಆದದ್ದು ಇವರ ಅವಧಿಯಲ್ಲೇ. ಹಾಗಾಗಿ 'ಯಾಕೆ ಕೋಚ್ ಆಗಲಿಲ್ಲ' ಅನ್ನುವುದಕ್ಕೆ ನನ್ನ ಉತ್ತರ ಇದು: ಗೋಲ್‌ಕೀಪರ್‌ಗೆ ಮುಖ್ಯ ಕೋಚ್ ಹುದ್ದೆಯ ದಾರಿ ಸುತ್ತುಬಳಸು, ಅಷ್ಟು ಪರಿಚಯ ಮತ್ತು ಹೆಸರಿದ್ದ ಮನುಷ್ಯನಿಗೆ ಅಧಿಕಾರದ ದಾರಿ ನೇರ ಇತ್ತು.

ಆ ಕುರ್ಚಿಯಲ್ಲಿ ಸುಖವೇನೂ ಇರಲಿಲ್ಲ. ಇವರು ಅಧ್ಯಕ್ಷರಾದ ಮೇಲೆ ಬಲ್ಗೇರಿಯಾ ಒಂದು ವಿಶ್ವಕಪ್‌ಗೂ ಒಂದು ಯೂರೊಗೂ ಅರ್ಹತೆ ಪಡೆಯಲಿಲ್ಲ. 2019ರ ಅಕ್ಟೋಬರ್ 14ರಂದು ಸೋಫಿಯಾದಲ್ಲಿ ಇಂಗ್ಲೆಂಡ್ ವಿರುದ್ಧ ಪಂದ್ಯ. ಒಂದು ಗುಂಪು ಪ್ರೇಕ್ಷಕರು ಇಂಗ್ಲೆಂಡಿನ ಕಪ್ಪು ಆಟಗಾರರನ್ನು ಜನಾಂಗೀಯವಾಗಿ ನಿಂದಿಸಿದ್ದರಿಂದ ಮೊದಲರ್ಧದಲ್ಲಿ ಎರಡು ಸಲ ಆಟ ನಿಂತಿತು. 0-6 ಸೋಲು ಆ ರಾತ್ರಿಯ ಸಣ್ಣ ಅವಮಾನ. ಮರುದಿನ ಪ್ರಧಾನಿಯ ಒತ್ತಾಯಕ್ಕೆ ಮಿಹೈಲೊವ್ ರಾಜೀನಾಮೆ ಕೊಟ್ಟರು, ಅದೇ ವಾರ ಬಲಕೊವ್ ಕೋಚ್ ಹುದ್ದೆ ಬಿಟ್ಟರು. ಕೋಚ್ ಆದವನೂ ಆಗದವನೂ ಒಂದೇ ಪಂದ್ಯಕ್ಕೆ ಹೋದರು. ಮಿಹೈಲೊವ್ ಆಮೇಲೆ ಮರಳಿ ಬಂದು, 2021ರ ಚುನಾವಣೆಯಲ್ಲಿ ಡಿಮಿಟಾರ್ ಬೆರ್ಬಾಟೊವ್‌ರನ್ನು ಕಡಿಮೆ ಅಂತರದಿಂದ ಸೋಲಿಸಿದರು. ಬೆರ್ಬಾಟೊವ್ ಅಂದರೆ 2017-18ರಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಆಡಿದವರೇ. 2023ರ ನವೆಂಬರ್‌ನಲ್ಲಿ ಅಭಿಮಾನಿಗಳ ಪ್ರತಿಭಟನೆ ಬೀದಿ ಗಲಭೆಯಾದ ಮೇಲೆ ಮಿಹೈಲೊವ್ ಪೂರ್ತಿ ಹಿಂದೆ ಸರಿಯಬೇಕಾಯಿತು. ಆಡಳಿತಗಾರನಾಗಿ ಅವರ ಲೆಕ್ಕ ಗೋಲ್‌ಕೀಪರ್ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ ಅಂತ ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಒಂದು ಅಡ್ಡಮಾತು. ಬಲ್ಗೇರಿಯಾಕ್ಕೂ ನಮಗೂ ಏನು ಸಂಬಂಧ ಅನ್ನುವವರಿಗೆ: 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಕಂಚಿನ ಪದಕದ ಪಂದ್ಯದ ತನಕ ಹೋಗಿತ್ತು. ಅಲ್ಲಿ 3-0ರಿಂದ ನಮ್ಮನ್ನು ಸೋಲಿಸಿ ಪದಕ ಒಯ್ದದ್ದು ಬಲ್ಗೇರಿಯಾ. ಆ ಭಾರತ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು.

ಇನ್ನೊಂದು ಘಟನೆ, ಗೋಲ್‌ಕೀಪರ್‌ಗಳಿಗೆ ಸ್ವಲ್ಪ ಹೊಟ್ಟೆ ಉರಿಸುವಂಥದ್ದು. 2014ರ ಆಗಸ್ಟ್ 27, ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯ, ಬಲ್ಗೇರಿಯಾದ ಲುಡೊಗೊರೆಟ್ಸ್ ವಿರುದ್ಧ ರುಮೇನಿಯಾದ ಸ್ಟೆವಾ. 119ನೇ ನಿಮಿಷದಲ್ಲಿ ಲುಡೊಗೊರೆಟ್ಸ್ ಗೋಲ್‌ಕೀಪರ್ ಸ್ಟೊಯಾನೊವ್‌ಗೆ ಕೆಂಪು ಕಾರ್ಡ್. ಬದಲಿ ಆಟಗಾರರ ಮಿತಿ ಮುಗಿದಿತ್ತು. ಡಿಫೆಂಡರ್ ಕೊಸ್ಮಿನ್ ಮೋತ್ಸಿ ಗೋಲ್‌ಕೀಪರ್ ಅಂಗಿ ಹಾಕಿಕೊಂಡು ಶೂಟೌಟ್‌ಗೆ ನಿಂತ. ತಾನೂ ಒಂದು ಪೆನಾಲ್ಟಿ ಹೊಡೆದ, ಎರಡನ್ನು ತಡೆದ, ತಂಡ ಗೆದ್ದಿತು. ಕ್ಲಬ್ ತನ್ನ ಸ್ಟೇಡಿಯಂನ ಒಂದು ಸ್ಟ್ಯಾಂಡ್‌ಗೆ ಅವನ ಹೆಸರಿಟ್ಟಿತು. 2012ರಿಂದ 2025ರವರೆಗೆ ಸತತ 14 ಲೀಗ್ ಗೆದ್ದ ಕ್ಲಬ್‌ನ ಅತ್ಯಂತ ಪ್ರಸಿದ್ಧ ಗೋಲ್‌ಕೀಪಿಂಗ್ ಮಾಡಿದವನು ಗೋಲ್‌ಕೀಪರೇ ಅಲ್ಲ!

ಈಗ ನಿಮ್ಮ ತಮ್ಮನ ವಿಷಯ. ಹತ್ತೊಂಬತ್ತಕ್ಕೇ ಈ ಯೋಚನೆ ಬಂದಿರುವುದು ಒಳ್ಳೆಯದು. ಅವನು ಮುಖ್ಯ ಕೋಚ್ ಆಗಬೇಕೋ ಗೋಲ್‌ಕೀಪಿಂಗ್ ಕೋಚ್ ಆಗಬೇಕೋ ಮೊದಲು ಕೇಳಿ. ನಮ್ಮಲ್ಲೂ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ) ಎರಡಕ್ಕೂ ಬೇರೆ ಬೇರೆ ಕೋರ್ಸ್ ನಡೆಸುತ್ತದೆ. ಮುಖ್ಯ ಕೋಚ್ ಅಂದರೆ ಡಿ ಲೈಸೆನ್ಸ್‌ನಿಂದ ಶುರು ಮಾಡಲಿ, ಗೋಲ್‌ಕೀಪಿಂಗ್ ಕೋರ್ಸ್ ಆಮೇಲೆ ಮಾಡಿದರೂ ನಡೆಯುತ್ತದೆ. ತಿರುವುಮುರುವಾದರೆ ಕಷ್ಟ. ಗೋಲ್‌ಕೀಪರ್ ಅಂತ ಗೊತ್ತಾದ ತಕ್ಷಣ ಎಲ್ಲ ಅಕಾಡೆಮಿಗಳೂ 'ನಮ್ಮ ಕೀಪರ್‌ಗಳನ್ನು ಸ್ವಲ್ಪ ನೋಡಿಕೋ' ಅಂತ ಅದೇ ಮೂಲೆಗೆ ಕಳಿಸುತ್ತವೆ.

ಆಡುತ್ತಿರುವ ಕ್ಲಬ್‌ನಲ್ಲಿ ಸಣ್ಣ ಹುಡುಗರ ತಂಡ ಇದ್ದರೆ, ವಾರಕ್ಕೆ ಒಂದು ದಿನ ಅವರ ಡಿಫೆಂಡರ್‌ಗಳ ಅಥವಾ ಮಿಡ್‌ಫೀಲ್ಡರ್‌ಗಳ ಅಭ್ಯಾಸ ತಾನೇ ನಡೆಸುತ್ತೇನೆ ಅಂತ ಕೇಳಿಕೊಳ್ಳಲಿ, ಗೋಲ್‌ಕೀಪರ್‌ಗಳದ್ದಲ್ಲ. ಮೊದಲ ಕೆಲವು ವಾರ ಎಡವುತ್ತಾನೆ. ಹತ್ತು ಹುಡುಗರಿಗೆ ಒಟ್ಟಿಗೆ ಸೀಟಿ ಊದಿ ನಿಲ್ಲಿಸಿ, ಒಂದೇ ತಪ್ಪನ್ನು ಎಲ್ಲರಿಗೂ ಕಾಣುವಂತೆ ತೋರಿಸುವುದು ಗೋಲಿನಿಂದ ಕೂಗಿದಷ್ಟು ಸುಲಭವಲ್ಲ. ಅವನು ಬೆಂಚಿನಲ್ಲಿ ಕೂರಬೇಕಾದ ಪಂದ್ಯ ಬಂದರೆ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂರದೆ ಕೋಚ್ ಪಕ್ಕದ ಕುರ್ಚಿಯನ್ನೇ ಹಿಡಿಯಲಿ. ಡಿ ಲೈಸೆನ್ಸ್‌ನ ಮುಂದಿನ ಕೋರ್ಸ್ ಯಾವಾಗ ಅಂತ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ಈಗಲೇ ವಿಚಾರಿಸಲಿ. ಸೀಟು ಬೇಗ ಭರ್ತಿಯಾಗುತ್ತದೆ.